ತಾಲಘಾಟದ ಬೆಳಗು

ಮನ್ಮಥಪ್ಪ ಮನುಷ್ಯರ ಫೋಟೋ ತೆಗೆಯುವುದನ್ನು ಬಿಟ್ಟದ್ದು ಭಾದ್ರಪದದಲ್ಲಿ, ಹಿಂದೂಸ್ತಾನದ ಫೌಜು ಬೀದರಕ್ಕೆ ಬಂದ ಮರುವಾರ. ಬಿಡಬೇಕೆಂದು ನಿಶ್ಚಯಿಸಿ ಬಿಟ್ಟದ್ದಲ್ಲ. ಊರ ನಡುವಿನ ಚೌಬಾರಾ ಗೋಪುರದ ಹತ್ತಿರ ಅವನ ಸ್ಟುಡಿಯೋ. ಹದಿನೆಂಟು ವರ್ಷದಿಂದ ಊರಿನ ಮದುಮಕ್ಕಳು, ತೊಟ್ಟಿಲ ಕೂಸುಗಳು, ವರ್ಗವಾಗಿ ಹೋಗುವ ತಹಸೀಲ್ದಾರರು ಎಲ್ಲರೂ ಅಲ್ಲಿಯ ಕುರ್ಚಿಯಲ್ಲಿ ಕೂತು ಎದ್ದವರೇ. ಕರ್ಫ್ಯೂ ಸಡಿಲಾದ ದಿನ ಒಬ್ಬ ಗಿರಾಕಿ ಬಂದು ಕೂತ. ಮನ್ಮಥಪ್ಪ ಕರಿ ಬಟ್ಟೆಯೊಳಗೆ ತಲೆ ಹಾಕಿ ನೋಡಿದ. ಕ್ಯಾಮೆರಾದ ಹಿಂದಿನ ಗಾಜಿನ ಮೇಲೆ ಆ ಮುಖ ಎಂದಿನ ಹಾಗೆ ತಲೆಕೆಳಗಾಗಿ ಮೂಡಿತ್ತು. ಎಷ್ಟು ಹೊತ್ತು ನೋಡಿದರೂ ಅದು ಒಬ್ಬ ಮನುಷ್ಯನ ಮುಖ ಅನ್ನಿಸಲಿಲ್ಲ. ಎರಡು ಕಣ್ಣು, ಒಂದು ಮೂಗು, ಮೀಸೆ, ಅಷ್ಟೇ. ಅವನು ಬಟ್ಟೆ ಸರಿಸಿ ಹೊರಬಂದು, "ಇವತ್ತ ಬೆಳಕ ಸರಿ ಇಲ್ರಿ. ಆಮ್ಯಾಲ ಬರ್ರಿ" ಅಂದ. ಗಿರಾಕಿ ಹೊರಗಿನ ಕಣ್ಣು ಕುಕ್ಕುವ ಬಿಸಿಲನ್ನೊಮ್ಮೆ, ಇವನನ್ನೊಮ್ಮೆ ನೋಡಿ ಎದ್ದು ಹೋದ.

ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮನೆಯಲ್ಲಿ ಈಗ ತಂಗಿ ಶಾಂತಾಬಾಯಿ ಇದ್ದಳು. ಅವಳನ್ನು ಭಾಲ್ಕಿ ಕಡೆಯ ಹಳ್ಳಿಗೆ ಕೊಟ್ಟಿದ್ದರು. ವೈಶಾಖದಲ್ಲಿ ಒಂದು ಮಧ್ಯಾಹ್ನ ರಜಾಕಾರರು ಆ ಹಳ್ಳಿಗೆ ಬಂದು ಅವಳ ಗಂಡ ವೈಜಿನಾಥನನ್ನು ಮನೆಯ ಪಡಸಾಲೆಯಲ್ಲೇ ಕೊಂದರು. ನಿಜಾಮರ ವಿರುದ್ಧ ನಿಂತ ಸ್ಟೇಟ್ ಕಾಂಗ್ರೆಸ್ಸಿನ ಹುಡುಗರಿಗೆ ಎರಡು ದಿನ ಅನ್ನ ಹಾಕಿದ ಎಂಬುದು ನೆಪ. ಗಂಡನ ದಿನಕಾರ್ಯ ಮುಗಿಸಿ ಶಾಂತಾಬಾಯಿ ಭಾಲ್ಕಿಯಲ್ಲಿ ರೈಲು ಹತ್ತಿ, ಒಂದು ಟ್ರಂಕು ಹಿಡಿದು ಅಣ್ಣನ ಮನೆಗೆ ಬಂದಳು. ಬಂದವಳು ಅತ್ತದ್ದನ್ನು ಮನ್ಮಥಪ್ಪ ನೋಡಲಿಲ್ಲ. ಬೆಳಿಗ್ಗೆ ಎದ್ದು ಲಿಂಗಪೂಜೆ ಮಾಡಿಕೊಂಡು ರೊಟ್ಟಿ ಬಡಿಯುವಳು, ನೀರು ಸೇದುವಳು, ಕೇಳಿದ್ದಕ್ಕೆ ಜವಾಬು ಕೊಡುವಳು. ಅವನೂ ಅಳಲಿಲ್ಲ. ಅಳು ಬಂದೀತೆಂದು ಒಂದೆರಡು ಸಲ ಕಾದದ್ದುಂಟು, ಬರಲಿಲ್ಲ.

ಆಮೇಲೆ ಭಾದ್ರಪದ ಬಂತು. ಐದೇ ದಿನದಲ್ಲಿ ನಿಜಾಮರ ರಾಜ್ಯ ಮುಗಿಯಿತು, ರಜಾಕಾರರು ಖಾಕಿ ಬಿಚ್ಚಿ ಬಾವಿಗೆಸೆದು ಓಡಿದರು. ಓಡಿದವರ ಬದಲು ಜನರ ಕೈಗೆ ಸಿಕ್ಕವರು ಓಡದೆ ಉಳಿದ ಬಡ ಮುಸಲ್ಮಾನರು. ಮನ್ಮಥಪ್ಪನ ಪಕ್ಕದ ಅಂಗಡಿ ಅಬ್ದುಲ ಖಾದರನದು. ಫೋಟೋಗಳಿಗೆ ಚೌಕಟ್ಟು ಕಟ್ಟುವ, ಕನ್ನಡಿ ಮಾರುವ ಅಂಗಡಿ. ಹದಿನೆಂಟು ವರ್ಷ ಇವನು ತೆಗೆದ ಫೋಟೋಕ್ಕೆಲ್ಲ ಅವನದೇ ಚೌಕಟ್ಟು. ಒಂದು ಮಧ್ಯಾಹ್ನ ಮೂವತ್ತು ನಲವತ್ತು ಜನ ಬಂದು ಆ ಅಂಗಡಿಯ ಬಾಗಿಲು ಮುರಿದರು. ಮನ್ಮಥಪ್ಪ ತನ್ನ ಬಾಗಿಲು ಹಾಕಿಕೊಂಡು ಒಳಗೆ ನಿಂತು, ಸಂದಿಯಿಂದ ನೋಡಿದ. ಕನ್ನಡಿಗಳು ಒಂದೊಂದಾಗಿ ಬೀದಿಗೆ ಬಿದ್ದವು. ಗುಂಪಿನಲ್ಲಿ ಅರ್ಧ ಜನ ಅವನ ಗಿರಾಕಿಗಳೇ. ಹೊರಗೆ ಹೋಗಿ "ಬಿಡ್ರಪ್ಪಾ" ಅಂದಿದ್ದರೆ ಬಿಡುತ್ತಿದ್ದರೋ ಏನೋ, ಅವನು ಹೋಗಲಿಲ್ಲ. ಎಲ್ಲ ಮುಗಿದ ಮೇಲೆ ಬಾಗಿಲು ತೆರೆದರೆ, ಗಾಜಿನ ಚೂರುಗಳ ನಡುವೆ ಖಾದರನ ಮಗನ ನಾಯಿ ನಿಂತಿತ್ತು. ಕಂದು ಬಣ್ಣ, ಎಡಗಿವಿ ಅರ್ಧ ಹರಿದದ್ದು. ಮಗ ಸಲಾವೋದ್ದೀನ ಫೌಜು ಬರುವ ಮೊದಲೇ ಎಲ್ಲೋ ಹೋಗಿದ್ದ. ಖಾದರ ಮತ್ತು ಅವನ ಹೆಂಡತಿ ಕುಲಸುಮಬೀ ಎಲ್ಲಿ ಅಡಗಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ನಾಯಿ ಕುಂಟುತ್ತ ಬಂದು ಮನ್ಮಥಪ್ಪನ ಹಿಂದೆ ಮನೆಗೆ ಹೋಯಿತು. ಶಾಂತಾಬಾಯಿ ಅದನ್ನು ಬಹಳ ಹೊತ್ತು ನೋಡಿದಳು. ಒಳಗೆ ಹೋಗಿ ಒಂದು ರೊಟ್ಟಿ ತಂದು ಮುರಿದು ಹಾಕಿದಳು. ಅದರ ಪಾದದಲ್ಲಿದ್ದ ಚೂರನ್ನೂ ಅವಳೇ ತೆಗೆದಳು.

ಹೀಗೆ ಶುರುವಾದದ್ದು ಆ ನಡಿಗೆ. ನಾಯಿಗೆ ಬೆಳಗಿನ ಜಾವ ಹೊರಗೆ ಹೋಗುವ ರೂಢಿ, ಬಾಗಿಲು ಕೆರೆಯುತ್ತಿತ್ತು. ಮನ್ಮಥಪ್ಪನಿಗೆ ಹೇಗೂ ನಿದ್ದೆ ಇರಲಿಲ್ಲ. ರಾತ್ರಿಯ ಕರ್ಫ್ಯೂ ಮುಗಿದ ಮೊದಲ ಗಳಿಗೆಗೇ ಇಬ್ಬರೂ ಹೊರಡುವರು. ಮದರಸಾದ ಮುರಿದ ಮಿನಾರು ದಾಟಿ, ತಾಲಘಾಟ ದರವಾಜಾದಿಂದ ಹೊರಬಿದ್ದು, ಗುಡ್ಡದ ಇಳಿಜಾರಿನ ಕಾಲುದಾರಿ ಹಿಡಿಯುವರು. ಬೀದರ ಊರು ಕೂತಿರುವುದು ಕೆಂಪು ಕಲ್ಲಿನ ಎತ್ತರದ ಮೇಲೆ. ಊರು ಮುಗಿದಲ್ಲಿ ಗುಡ್ಡ ಕಡಿದು ಕೆಳಗಿಳಿಯುತ್ತದೆ, ಕೆಳಗೆ ಮಾಂಜ್ರಾ ನದಿಯವರೆಗೆ ಕರಿ ಹೊಲ. ಮಳೆ ನಿಂತು ಆಕಾಶ ತೊಳೆದಿಟ್ಟಂತಿತ್ತು. ಹುಲ್ಲು ಹಣ್ಣಾಗತೊಡಗಿತ್ತು. ಸೀತಾಫಲದ ಗಿಡಗಳಲ್ಲಿ ಕಾಯಿ ಕಣ್ಣು ಬಿಟ್ಟಿದ್ದವು. ಕೀಳುವವರಿಲ್ಲದೆ ಗಿಳಿಗಳು ತಿಂದು ಬೀಳಿಸುತ್ತಿದ್ದವು. ಕೆಳಗೆ ಕೆಲವು ಹೊಲಗಳಲ್ಲಿ ಗುರೆಳ್ಳು ಹಳದಿಯಾಗಿ ಹೂಬಿಟ್ಟಿತ್ತು. ಕೆಲವು ಹೊಲಗಳಲ್ಲಿ ಹೆಸರು ಒಣಗಿ ಸಿಡಿದು ಉದುರಿ ಹೋಗಿತ್ತು, ಆ ಹೊಲದವರು ಏನಾದರೋ.

ಇಳಿಜಾರಿನ ಅರ್ಧಕ್ಕೆ ಹೋಗಿ ತಿರುಗಿ ನೋಡಿದರೆ ಇಡೀ ಗುಡ್ಡ ಎದುರಿಗೆ. ಸೂರ್ಯ ಹುಟ್ಟಿದಾಗ ಮೊದಲು ಕೋಟೆ ಗೋಡೆಯ ತುದಿಗೆ ಬಿಸಿಲು ತಾಗುತ್ತದೆ, ಆಮೇಲೆ ಮೆಲ್ಲಗೆ ಕಲ್ಲಿನ ಮೈ ಮೇಲೆ ಇಳಿಯುತ್ತದೆ. ಮೂರನೆಯ ದಿನ ಮನ್ಮಥಪ್ಪ ಕ್ಯಾಮೆರಾ ಹೊತ್ತು ತಂದ. ಯಾಕೆಂದು ಅವನನ್ನು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಗುಡ್ಡಕ್ಕೆ ಮುಖವಿಲ್ಲ, ತಲೆಕೆಳಗಾಗಿ ಕಂಡರೂ ಅದು ಗುಡ್ಡವೇ. ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ಬಟ್ಟೆ ಹೊದ್ದು, ಬೆಳಕು ಕಲ್ಲಿನ ಅರ್ಧಕ್ಕೆ ಬಂದಾಗ ಒಂದು ಗಾಜಿನ ಪ್ಲೇಟಿನ ಮೇಲೆ ಫೋಟೋ ತೆಗೆಯುತ್ತಿದ್ದ. ದಿನಕ್ಕೊಂದೇ. ಅಷ್ಟು ಹೊತ್ತೂ ನಾಯಿ ಸ್ಟ್ಯಾಂಡಿನ ಬುಡದಲ್ಲಿ ಮಲಗಿರುತ್ತಿತ್ತು.

ಅವನ ಹತ್ತಿರ ಇದ್ದವು ಹಳೆಯ ನಮೂನೆಯ ಪ್ಲೇಟುಗಳು, ಕೆಂಪು ಬಣ್ಣ ಹಿಡಿಯದಂಥವು. ಕೆಂಪೆಲ್ಲ ಅವುಗಳಲ್ಲಿ ಕಪ್ಪಾಗಿಯೇ ಬರುವುದು. ಬೆಳಗಿನ ಹೊತ್ತು ಕೆಂಡದ ಹಾಗೆ ಉರಿಯುವ ಗುಡ್ಡ ಕಾಗದದ ಮೇಲೆ ಇದ್ದಿಲಾಗಿ ಮೂಡುತ್ತಿತ್ತು. ಇದು ಅವನಿಗೆ ಗೊತ್ತಿದ್ದದ್ದೇ. ಆದರೂ ಮರುದಿನ ಹೋಗುವನು, ಇನ್ನೊಂದು ತೆಗೆಯುವನು. ಪಡಸಾಲೆಯ ದಾರದ ಮೇಲೆ ಫೋಟೋಗಳನ್ನು ಒಣಹಾಕಿರುವಾಗ ಶಾಂತಾಬಾಯಿ ಒಂದು ದಿನ ಕೇಳಿದಳು:

"ಎಲ್ಲಾ ಒಂದೇ ಅವಲ್ಲ ಅಣ್ಣಾ?"

"ಒಂದೇ ಅಲ್ಲ. ಬೆಳಕು ಬ್ಯಾರೆ ಬ್ಯಾರೆ."

"ನನಗ ಒಂದೇ ಕಾಣ್ತಾವ" ಎಂದು ಅವಳು ಒಲೆಯ ಕಡೆ ಹೋದಳು.

ದಸರೆ ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಬನ್ನಿ ಕೊಡಲು ಬಂದವರಿಗೆ ಮನ್ಮಥಪ್ಪ ಬನ್ನಿ ಕೊಟ್ಟ, ನಕ್ಕ. ಜೋಮು ಹಿಡಿದ ಕಾಲಿನ ಮೇಲೆ ನಡೆದ ಹಾಗಿದ್ದವು ದಿನಗಳು. ಕಾಲು ನೆಲಕ್ಕೆ ತಾಗಿದ್ದು ಕಣ್ಣಿಗೆ ಕಾಣುತ್ತದೆ, ಮೈಗೆ ತಿಳಿಯುವುದಿಲ್ಲ. ಆ ಸುಮಾರಿಗೆ ಖಾದರ ತಿರುಗಿ ಬಂದ. ಮುರಿದ ಬಾಗಿಲಿಗೆ ಹಲಗೆ ಬಡಿದು, ಖಾಲಿ ಅಂಗಡಿಯ ಕಟ್ಟೆಯ ಮೇಲೆ ಕೂತುಕೊಳ್ಳುತ್ತಿದ್ದ. ಕಂಡಾಗ ಇಬ್ಬರೂ ತಲೆಯಾಡಿಸುವರು, ಅಷ್ಟೇ. ನಾಯಿ ಅವನ ಹತ್ತಿರ ಹೋಗಿ ಮೂಸಿ, ತಿರುಗಿ ಮನ್ಮಥಪ್ಪನ ಕಡೆಗೇ ಬರುತ್ತಿತ್ತು.

ಪಂಢರಿ ಬಂದದ್ದು ದೀಪಾವಳಿಯ ಮುಂಚೆ. ಹೊಸ ಸರಕಾರ ರಜಾಕಾರರ ಮೇಲೆ ತಪಾಸಣೆಗೆ ತೆರೆದ ಕಚೇರಿಯಲ್ಲಿ ಅವನು ಕಾರಕೂನ. ಔರಾದದವನು, ಕೆಳಗಿನ ಕೇರಿಯಿಂದ ಓದಿ ಮೇಲೆ ಬಂದವನು, ಮಾತು ಮೆತ್ತಗೆ.

"ಫಾಲ್ಗುಣದಾಗ ನೀವು ಒಂದು ಗ್ರೂಪ್ ಫೋಟೋ ತಗದೀರಂತ ಸಾಹೇಬರಿಗಿ ಗೊತ್ತಾಗ್ಯಾದರಿ. ರಜಾಕಾರರದು. ಹನ್ನೆರಡು ಮಂದಿ."

"ತಗದೀನಿ."

"ಪ್ಲೇಟ್ ಅದ ಏನ್ರಿ? ಹೆಸರು ಸಿಕ್ಕಾವ, ಮುಖ ಸಿಕ್ಕಿಲ್ಲ. ನೋಡಿದವರು ಗುರುತು ಹೇಳಬೇಕಲ್ರಿ."

"ಹುಡುಕಿ ನೋಡ್ತೇನಿ" ಎಂದ ಮನ್ಮಥಪ್ಪ. ಹುಡುಕುವ ಅಗತ್ಯವೇನೂ ಇರಲಿಲ್ಲ. ಎರಡನೆಯ ಕಪಾಟು, ಕೆಳಗಿನ ಗೂಡು. ಆ ದಿನ ರಜಾಕಾರರು ಹುಕುಂ ಮಾಡಿದ್ದರು, ಇವನು ತೆಗೆದಿದ್ದ. ಎತ್ತರದವರನ್ನು ಹಿಂದೆ ನಿಲ್ಲಿಸಿದ, ಒಬ್ಬನ ಕಾಲರು ಸರಿಮಾಡಿದ. ಖಾದರನ ಮಗ ಸಲಾವೋದ್ದೀನ ಗಿಡ್ಡ. ಅವನನ್ನು ಮುಂದೆ ಕೂರಿಸಿದ. ಹೊಸ ಖಾಕಿ ಅವನಿಗೆ ದೊಡ್ಡದಾಗಿತ್ತು. "ನಗಬ್ಯಾಡೋ, ಗಂಭೀರ ಇರು" ಅಂದದ್ದೂ ಇವನೇ.

ಮರುದಿನ ನಡಿಗೆಯಿಂದ ಬಂದು ಅವನು ಆ ಪ್ಲೇಟಿನಿಂದ ಒಂದು ಫೋಟೋ ಮಾಡಿದ. ಒಣಗಿದ ಮೇಲೆ ತಂಗಿಯ ಕೈಗೆ ಕೊಟ್ಟ. ಶಾಂತಾಬಾಯಿ ಜೋಳ ಹಸನು ಮಾಡುತ್ತಿದ್ದವಳು ಮೊರ ಬದಿಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಬೆಳಕಿಂಡಿಯ ಕೆಳಗೆ ಹಿಡಿದು ನೋಡಿದಳು. ಬೆರಳು ಹಿಂದಿನ ಸಾಲಿನಲ್ಲಿ ಇಬ್ಬರ ಮೇಲೆ ನಿಂತಿತು.

"ಇವರಿಬ್ಬರು ಒಳಗ ಬಂದಿದ್ದರು." ಬೆರಳು ಮುಂದಿನ ಸಾಲಿಗೆ ಬಂತು. "ಇವ ಬಾಗಲದಾಗ ನಿಂತಿದ್ದ. ನಾಯಿ ಹಗ್ಗ ಹಿಡ್ಕೊಂಡು."

"ಯಾವ ನಾಯಿ?"

ಅವಳು ಅಂಗಳದ ಕಡೆ ಗದ್ದ ತೋರಿಸಿದಳು. "ಇದೇ. ಹರಕಗಿವಿದು."

ಮನ್ಮಥಪ್ಪ ಅಂಗಳದ ಕಡೆ ತಿರುಗಿ ನೋಡಿದ. "ಗೊತ್ತಿದ್ದೂ ದಿನಾ ರೊಟ್ಟಿ ಹಾಕಿದೆಲ್ಲ?"

"ನಾಯಿ ಏನ್ ಮಾಡ್ಯಾದ? ಹಗ್ಗ ಎಳದಾಡಿ ಬೊಗಳ್ತಿತ್ತು. ಬೊಗಳಿದ್ದು ಅದೊಂದೇ. ಓಣಿಯಾಗ ಮತ್ಯಾರೂ ಬಾಯಿ ಬಿಡಲಿಲ್ಲ."

"ಆ ಹುಡುಗ?"

"ಹೊಡೀಲಿಲ್ಲ. ಬಿಡಸಲೂ ಇಲ್ಲ. ನಿಂತಿದ್ದ." ಅವಳು ಫೋಟೋ ತಿರುಗಿ ಕೊಟ್ಟಳು. "ಕೇಳಿದರ ಕಂಡದ್ದ ಹೇಳ್ತೇನಿ ಅಣ್ಣಾ. ಹೆಚ್ಚೂ ಇಲ್ಲ, ಕಡಮೀನೂ ಇಲ್ಲ."

ಮೊರ ಎಳೆದುಕೊಂಡು ಮತ್ತೆ ಕಲ್ಲು ಆರಿಸತೊಡಗಿದಳು. ಮನ್ಮಥಪ್ಪ ಸಿಟ್ಟಿಗಾಗಿ ಕಾದ. ಆ ಹುಡುಗನ ಮೇಲೆ ಬರಬೇಕಾದ ಸಿಟ್ಟು. ಅದರ ಬದಲು ಬಾಗಿಲ ಸಂದಿ, ಬೀದಿಗೆ ಬೀಳುವ ಕನ್ನಡಿಗಳು ಕಣ್ಣ ಮುಂದೆ ಬಂದವು.

ಸಂಜೆ ಹೊತ್ತು ಮುಳುಗುವ ಮೊದಲು ಅವನು ಖಾದರನ ಕಟ್ಟೆಗೆ ಹೋಗಿ ಕೂತ.

"ಖಾದರ ಭಾಯಿ, ನಾಳಿಗಿ ಪ್ಲೇಟ್ ಕಚೇರಿಗಿ ಕೊಡ್ತೇನಿ. ನಿಮ್ಮ ಹುಡುಗ ಅದರಾಗ ಹಾನ. ನಮ್ಮ ತಂಗಿ ಅವನ ಗುರ್ತು ಹಿಡದಾಳ."

ಖಾದರ ತನ್ನ ಅಂಗೈ ನೋಡಿಕೊಂಡ. ಗಾಜು ಕೊಯ್ದೂ ಕೊಯ್ದೂ ಗೀರು ಬಿದ್ದ ಅಂಗೈ.

"ಒಳಗ ಹೋಗಿದ್ನೇನ್ರಿ?"

"ಇಲ್ಲ. ಬಾಗಲದಾಗ ನಿಂತಿದ್ನಂತ."

"ಹಂಗೇ ಬರೀಲಿಕ್ಕ ಹೇಳ್ರಿ. ಬಾಗಲದಾಗ ಅಂತ." ಖಾದರ ಅಂಗೈ ಮುಚ್ಚಿಕೊಂಡ. "ಔರಾದದಾಗ ಅವರವ್ವನ ತಂಗಿ, ಖಾಲಾ ಮನ್ಯಾಗ ಹಾನ. ನಾನೇ ಹೋಗಿ ಕರ್ಕೊಂಡು ಬರ್ತೇನಿ. ಬ್ಯಾರೆ ಯಾರರೇ ಹಿಡಕೊಂಡು ಬಂದರ ದಾರ್ಯಾಗೇ ಮುಗಸ್ತಾರ."

ಮನ್ಮಥಪ್ಪ ಎದ್ದವನು ಮತ್ತೆ ಕೂತ. "ಅವತ್ತ ನಾ ನನ್ನ ಅಂಗಡಿ ಒಳಗೇ ಇದ್ದೆ, ಭಾಯಿ."

"ಗೊತ್ತದರಿ. ನಾವು ಎದುರು ಮನಿ ಮಾಳಗಿ ಮ್ಯಾಲಿದ್ದೆವು. ನಿಮ್ಮ ಬಾಗಲ ಸಂದ್ಯಾಗ ನೀವು ನಿಂತದ್ದು ಕಾಣ್ತಿತ್ತು." ಇದನ್ನು ಖಾದರ ದೂರಿನ ಹಾಗೆ ಹೇಳಲಿಲ್ಲ. "ಕುಲಸುಮ ಅಂದಳು, ಮನ್ಮಥಪ್ಪ ಅಣ್ಣಾವರು ಒಳಗೇ ಹಾರ, ಬರ್ತಾರ ಅಂತ."

ಇಬ್ಬರೂ ಬೀದಿ ನೋಡುತ್ತ ಕೂತರು. ಬತ್ತಿ ಹಚ್ಚುವ ಹೊತ್ತಿಗೆ ಮನ್ಮಥಪ್ಪ ಎದ್ದು ಹೋದ.

ಮರುದಿನ ಪ್ಲೇಟು ಪಂಢರಿಯ ಕೈಗೆ ಕೊಟ್ಟ. ಶಾಂತಾಬಾಯಿ ಕಚೇರಿಗೆ ಹೋಗಿ, ಕಂಡದ್ದನ್ನು ಹೇಳಿ, ಹೆಬ್ಬೆಟ್ಟು ಒತ್ತಿ ಬಂದಳು. ಖಾದರ ಆ ನಸುಕಿನಲ್ಲೇ ಔರಾದದ ದಾರಿ ಹಿಡಿದಿದ್ದ.

ನಾಲ್ಕನೆಯ ಬೆಳಿಗ್ಗೆ ಮನ್ಮಥಪ್ಪ ಇಳಿಜಾರಿನಲ್ಲಿ ಕ್ಯಾಮೆರಾ ನಿಲ್ಲಿಸಿದ್ದ. ಡಬ್ಬಿಯಲ್ಲಿ ಒಂದೇ ಪ್ಲೇಟು ಉಳಿದಿತ್ತು; ಹೈದರಾಬಾದಿನಿಂದ ಹೊಸ ಮಾಲು ಯಾವಾಗ ಬರುತ್ತದೋ ಯಾರೂ ಹೇಳುವಂತಿರಲಿಲ್ಲ. ಇಬ್ಬನಿಗೆ ಹುಲ್ಲು ತೊಯ್ದಿತ್ತು. ಕೋಟೆ ಗೋಡೆಗೆ ಬಿಸಿಲು ತಾಗಿತ್ತಷ್ಟೆ, ನಾಯಿ ಎದ್ದು ನಿಂತು ಕಿವಿ ನಿಮಿರಿಸಿತು. ಕೆಳಗಿನ ಕಾಲುದಾರಿಯಲ್ಲಿ ಇಬ್ಬರು ಏರಿ ಬರುತ್ತಿದ್ದರು. ನಾಯಿ ಓಡಿತು. ಮುಂದಿನವನ ಕಾಲು ಸುತ್ತಿ, ಎದೆಗೆ ಹಾರಿ, ನೆಲಕ್ಕೆ ಹೊರಳಿ, ಕುಂಯ್‌ಗುಟ್ಟಿತು. ಅವನು ಅಲ್ಲೇ ಕುಕ್ಕುರುಗಾಲಲ್ಲಿ ಕೂತು ಅದರ ಕುತ್ತಿಗೆಯಲ್ಲಿ ಮುಖ ಹುದುಗಿಸಿದ.

ಖಾದರ ಹತ್ತಿರ ಬಂದು ಉಸಿರು ಬಿಟ್ಟ. "ಜನವಾಡದ ತನಕ ಬಂಡಿ ಸಿಕ್ಕಿತ್ತರಿ. ಅಲ್ಲಿಂದ ನಡಕೋತ ಬಂದೆವು. ಸೀದಾ ಕಚೇರಿಗೇ ಒಯ್ತೇನಿ."

ಸಲಾವೋದ್ದೀನ ಎದ್ದು ನಿಂತ. ಗಡ್ಡ ಅಲ್ಲಲ್ಲಿ ಬೆಳೆದಿತ್ತು. ಯಾರದೋ ಅಂಗಿ, ತೋಳು ಮೊಣಕೈಗಿಂತ ಸ್ವಲ್ಪ ಕೆಳಗೆ. "ಕಾಕಾ" ಅಂದ.

"ಅದು ನಮ್ಮ ತಂಗಿ ಮನಿ ಅಂತ ಗೊತ್ತಿತ್ತ?" ಮನ್ಮಥಪ್ಪ ಕೇಳಿದ. ತನ್ನ ದನಿ ಬೇರೆ ಯಾರದೋ ಎಂಬಂತೆ ಕೇಳಿಸಿತು.

"ಆಗ ಗೊತ್ತಿರಲಿಲ್ಲ ಕಾಕಾ. ಆಮ್ಯಾಲ ಗೊತ್ತಾಯ್ತು."

"ಗೊತ್ತಿದ್ದರ?"

ಹುಡುಗ ಅಪ್ಪನನ್ನು ನೋಡಿದ. ಅಪ್ಪ ಮಾಂಜ್ರಾದ ಕಡೆ ನೋಡುತ್ತಿದ್ದ. ಸಲಾವೋದ್ದೀನ ನಾಯಿಯ ಬೆನ್ನ ಮೇಲೆ ಕೈಯಾಡಿಸಿದ. ಏನು ಜವಾಬು ಕೊಟ್ಟಿದ್ದರೂ ಮನ್ಮಥಪ್ಪ ನಂಬುತ್ತಿರಲಿಲ್ಲ.

ಬಿಸಿಲು ಕಲ್ಲಿನ ಮೇಲೆ ಕಾಲು ಭಾಗ ಇಳಿದಿತ್ತು. ಖಾದರ ಸ್ಟ್ಯಾಂಡಿನ ಹತ್ತಿರ ಬಂದು, ಕೈಕೈ ಹಿಸುಕಿಕೊಂಡು ಹೇಳಿದ: "ಅಣ್ಣಾ, ಒಂದು ಮಾತು. ಇವನ್ದು ಒಂದು ಫೋಟೋ ತಗೀರಿ."

"ಈಗ?"

"ಚೌಕಟ್ಟ ಕಟ್ಟಾವ ನಾ, ಊರ ಮಂದಿದೆಲ್ಲ ಕಟ್ಟೀನಿ. ಮನ್ಯಾಗ ಮಗನ್ದು ಒಂದೂ ಇಲ್ಲ. ಇದ್ದದ್ದು ಒಂದೇ, ಅದು ಕಚೇರ್‍ಯಾಗ ಅದ. ಇವರವ್ವ ಏನ್ ನೋಡಬೇಕರಿ? ಖಾಕಿ ಹಾಕ್ಕೊಂಡದ್ದಾ?"

ಮನ್ಮಥಪ್ಪ ಗುಡ್ಡ ನೋಡಿದ. ಇನ್ನೊಂದು ಐದು ನಿಮಿಷ, ಬೆಳಕು ತನಗೆ ಬೇಕಾದಲ್ಲಿಗೆ ಬರುತ್ತಿತ್ತು. ಉಳಿದದ್ದು ಒಂದು ಪ್ಲೇಟು. ಆಗುವುದಿಲ್ಲ ಅನ್ನಬಹುದಿತ್ತು. ಈ ಹುಡುಗನಿಗೆ ಆಗುವುದಿಲ್ಲ ಅಂದರೆ ಯಾರೂ ಅವನನ್ನು ತಪ್ಪು ಅನ್ನುತ್ತಿರಲಿಲ್ಲ. ಅವನು ಸ್ಟ್ಯಾಂಡು ತಿರುಗಿಸಿದ.

"ಆ ಕಲ್ಲಿನ ಮ್ಯಾಲ ಕೂಡು."

"ಎಲ್ಲಿ ನೋಡಲಿ ಕಾಕಾ?"

"ಎಲ್ಲಿ ಬೇಕಾದರ ನೋಡು."

ಬಟ್ಟೆಯೊಳಗೆ ಕತ್ತಲೆ, ತನ್ನದೇ ಉಸಿರಿನ ಬಿಸಿ. ಗಾಜಿನ ಮೇಲೆ ಮೇಲುಗಡೆ ಹುಲ್ಲು, ಕೆಳಗಡೆ ಆಕಾಶ, ನಡುವೆ ಹುಡುಗ ತಲೆಕೆಳಗಾಗಿ ನೇತಾಡುತ್ತಿದ್ದ. ಮೊಣಕಾಲ ಸಂದಿಯಲ್ಲಿ ನಾಯಿ. ಮನ್ಮಥಪ್ಪ ಕಣ್ಣು, ಮೂಗು, ಗಡ್ಡ ಎಂದು ಒಂದೊಂದೇ ನೋಡಿದ. ಎಡಗೆನ್ನೆಯ ಮೇಲೆ ಸಣ್ಣ ಕಲೆ. ಆರು ವರ್ಷದವನಿದ್ದಾಗ ಸ್ಟುಡಿಯೋದ ಮೆಟ್ಟಿಲ ಮೇಲೆ ಬಿದ್ದು ಆದದ್ದು, ಅರಿಸಿನ ಹಚ್ಚಿದ್ದು ಮನ್ಮಥಪ್ಪನ ಹೆಂಡತಿ. ಒಂದು ಕ್ಷಣ ಅದು ಸಲಾವೋದ್ದೀನನ ಮುಖವಾಗಿ ಕಂಡಿತು. ಮರುಕ್ಷಣ ವೈಜಿನಾಥನ ಪಡಸಾಲೆಯ ಬಾಗಿಲಲ್ಲಿ ನಿಂತವನ ಮುಖ. ಎರಡೂ ಒಂದೇ. ಅವನು ಪ್ಲೇಟು ಹಾಕಿದ, ಮಸೂರದ ಮುಚ್ಚಳ ತೆಗೆದು ಒಂದು ಎರಡು ಎಣಿಸಿದ, ಮುಚ್ಚಿದ.

ಮೂವರೂ ದರವಾಜಾದ ಕಡೆ ಏರಿ ಹೋದರು. ಕಚೇರಿಯ ಹತ್ತಿರ ಮನ್ಮಥಪ್ಪ ನಾಯಿಯ ಕುತ್ತಿಗೆ ಹಿಡಿದುಕೊಂಡು ನಿಂತ, ಅದು ಒಳಗೆ ಹೋಗಬೇಕೆಂದು ಎಳೆದಾಡಿತು.

ಆ ಫೋಟೋ ಚೆನ್ನಾಗಿಯೇ ಬಂತು, ನಾಯಿಯ ಬಾಲ ಅಲ್ಲಾಡಿದ್ದೊಂದು ಬಿಟ್ಟರೆ. ಒಣಹಾಕಿದ್ದಾಗ ಶಾಂತಾಬಾಯಿ ದಾರದ ಕೆಳಗೆ ನಿಂತು ನೋಡಿದಳು.

"ಅವನೇ?"

"ಅವನೇ."

"ಇಷ್ಟು ಸಣ್ಣಾವ ಹಾನ" ಅಂದಳು. "ಅವತ್ತ ಭಾಳ ದೊಡ್ಡಾವ ಕಂಡಿದ್ದ."

ಖಾದರ ಮುರಿದ ಚೌಕಟ್ಟುಗಳ ನಾಲ್ಕು ತುಂಡು ಜೋಡಿಸಿ, ಗಾಜಿಲ್ಲದೆ, ಅದಕ್ಕೊಂದು ಚೌಕಟ್ಟು ಕಟ್ಟಿಕೊಂಡ. ವೈಜಿನಾಥನ ಮನೆಯೊಳಗೆ ಹೋಗಿದ್ದ ಇಬ್ಬರು ರಜಾಕಾರರಿಗೂ ಮುಂದೆ ದೊಡ್ಡ ಶಿಕ್ಷೆಯಾಯಿತು. ಸಲಾವೋದ್ದೀನ ಹತ್ತು ತಿಂಗಳು ಜೇಲಿನಲ್ಲಿದ್ದು ಬಿಡುಗಡೆಯಾದ. ಹೈದರಾಬಾದಿಗೆ ಹೋದವನು ಅಪ್ಪ ಅವ್ವನನ್ನೂ ಕರೆಸಿಕೊಂಡ. ಅದೆಲ್ಲ ನಂತರದ ಮಾತು.

ಕಾರ್ತೀಕದಲ್ಲಿ ಒಂದು ದಿನ ಶಾಂತಾಬಾಯಿ ಟ್ರಂಕು ಹೊರಗೆ ತೆಗೆದಳು. "ಊರಿಗಿ ಹೋಗ್ತೇನಿ ಅಣ್ಣಾ. ಕಡ್ಲಿ ಬಿತ್ತೋ ವ್ಯಾಳ್ಯಾ ದಾಟ್ಲತದ. ಹೊಲ ಬೀಳು ಬಿದ್ದರ ಅವರು ಇದ್ದದ್ದೂ ಇಲ್ಲದಂಗ ಆಗ್ತದ."

"ಒಬ್ಬಾಕಿ ಹ್ಯಾಂಗ ಇರ್ತಿ ಆ ಮನ್ಯಾಗ?"

"ನಾಯಿ ಒಯ್ತೇನಿ."

ಮನ್ಮಥಪ್ಪ ಅವಳ ಮುಖ ನೋಡಿದ. ಅವಳು ಸೀರೆ ಮಡಿಸುತ್ತಿದ್ದಳು. "ನಿನಗ ಬೇಕಾದರ ಇಲ್ಲೇ ಇರಲಿ" ಅಂದಳು.

"ಒಯ್ಯಿ."

ನಾಯಿಯನ್ನು ರೈಲಿನಲ್ಲಿ ಬಿಡುವುದಿಲ್ಲವೆಂದು ಬಂಡಿ ಮಾಡಿದರು. ಬೆಳಿಗ್ಗೆ ಬಿಸಿಲೇರುವ ಮೊದಲು ಹೊರಟರು. ಮನ್ಮಥಪ್ಪ ಊರ ಹೊರಗಿನ ತನಕ ಬಂಡಿಯ ಪಕ್ಕದಲ್ಲಿ ನಡೆದ. ನಾಯಿ ಗಾಲಿಯ ನೆರಳಿನಲ್ಲಿ ನಡೆಯುತ್ತಿತ್ತು. ಭಾಲ್ಕಿ ದಾರಿ ಇಳಿಯುವಲ್ಲಿ ಅವನು ನಿಂತಾಗ ಅದೂ ನಿಂತಿತು. ಬಂಡಿ ಮುಂದೆ ಹೋಯಿತು, ಅದು ನಡುರಸ್ತೆಯಲ್ಲಿ ಕೂತು ಇವನನ್ನು ನೋಡಿತು. ಶಾಂತಾಬಾಯಿ ಬಂಡಿಯಿಂದ "ಬಾ" ಅಂದಳು. ನಾಯಿ ಎದ್ದು, ಮೈ ಕೊಡವಿ, ಅವಳ ಕಡೆಗೆ ಓಡಿತು.

ಬಂಡಿ ತಿರುವಿನಲ್ಲಿ ಮರೆಯಾಗುವವರೆಗೆ ಅವನು ನೋಡಿದ. ಗುಡ್ಡದ ಮೇಲೆ ಬಿಸಿಲು ಪೂರಾ ಇಳಿದು ಹುಲ್ಲಿಗೂ ಬಂದಿತ್ತು. ಚಪ್ಪಲಿಯೊಳಗೆ ಒಂದು ಹರಳು ಸೇರಿಕೊಂಡು ಬಹಳ ಹೊತ್ತಿನಿಂದ ಒತ್ತುತ್ತಿದ್ದದ್ದು ಆಗ ತಿಳಿಯಿತು. ಒಂದು ಕಲ್ಲಿನ ಮೇಲೆ ಕೂತು, ಚಪ್ಪಲಿ ಕಳಚಿ, ಅದನ್ನು ಕೊಡವಿದ. ಅಂಗಾಲು ಉರಿಯುತ್ತಿತ್ತು. ಅದನ್ನು ತಿಕ್ಕುತ್ತ ಅವನು ಅಲ್ಲೇ ಸ್ವಲ್ಪ ಹೊತ್ತು ಕೂತಿದ್ದ.